ನಾಲ್ವರ ಕೊಲೆಯೂ ನಮ್ಮ ಕನಿಕರವೂ

ಕೊಲೆಯ ಕಥೆಯೆಂದರೆ ಕಿವಿ ನಿಮಿರಿಸದವರು ವಿರಳ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದಿದ ಹಿರಿಯರು ನಮ್ಮ ಸಂಘದಲ್ಲಿ ಈಗಲೂ ಇದ್ದಾರೆ. ಅವರ ಮೊಮ್ಮಕ್ಕಳು ಅದೇ ರುಚಿಯನ್ನು ಟೆಲಿವಿಷನ್ನಿನಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ತೀರಿಸಿಕೊಳ್ಳುತ್ತಾರೆ. ಪತ್ತೇದಾರಿ ಕಾದಂಬರಿಯಲ್ಲಿ ಒಂದು ಅನುಕೂಲವುಂಟು. ಅಲ್ಲಿ ಸಾಯುವವರೆಲ್ಲ ಲೇಖಕನು ಹುಟ್ಟಿಸಿದವರು. ಅವರಿಗೆ ಒಡಹುಟ್ಟಿದವರಿಲ್ಲ, ನೆರೆಹೊರೆಯಿಲ್ಲ, ಸಮಾಧಿಯಿಲ್ಲ. ಪುಸ್ತಕ ಮುಚ್ಚಿದರೆ ಋಣ ತೀರಿತು. ಆದರೆ ನಿಜವಾಗಿ ಬದುಕಿ ನಿಜವಾಗಿ ಸತ್ತವರ ಕಥೆಯನ್ನು ಕಾದಂಬರಿಯ ಸೊಗಸಿನಲ್ಲಿ ಬರೆದು ಕೊಟ್ಟರೆ ಓದುಗನ ಋಣ ಅಷ್ಟಕ್ಕೇ ತೀರುತ್ತದೆಯೆ?

ಈ ಪ್ರಶ್ನೆಯನ್ನು ಬಲವಾಗಿ ಎತ್ತಿದ ಗ್ರಂಥ ಅಮೆರಿಕದ ಲೇಖಕ ಟ್ರೂಮನ್ ಕಪೋಟಿಯವರ ‘ಇನ್ ಕೋಲ್ಡ್ ಬ್ಲಡ್’. 1965ರಲ್ಲಿ ‘ದಿ ನ್ಯೂಯಾರ್ಕರ್’ ವಾರಪತ್ರಿಕೆಯಲ್ಲಿ ನಾಲ್ಕು ಕಂತುಗಳಲ್ಲಿ ಬಂದು, 1966ರ ಜನವರಿಯಲ್ಲಿ ಪುಸ್ತಕವಾಯಿತು. ಕೋಪದ ಭರದಲ್ಲಲ್ಲದೆ, ಮನಸ್ಸು ಕದಡದೆ ಮಾಡಿದ ಕೊಲೆ ಎಂಬುದು ಹೆಸರಿನ ಅರ್ಥ. ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಇದರ ಒಂದು ಪ್ರತಿ ಕಳೆದ ವರ್ಷ ನಮ್ಮ ಸದಸ್ಯರ ಏಳೆಂಟು ಮನೆಗಳನ್ನು ಸುತ್ತಿ ಬಂದಿದೆ. ಓದಿದವರೆಲ್ಲ ಮೆಚ್ಚಿದ್ದಾರೆ. ಆದರೆ ಮೆಚ್ಚಿದ ಕಾರಣಗಳು ಒಂದೇ ತೆರನಾಗಿಲ್ಲ. ಆ ವ್ಯತ್ಯಾಸವೇ ಈ ಲೇಖನಕ್ಕೆ ಪ್ರೇರಣೆ.

ಮೊದಲು ಘಟನೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಗೋಧಿಯ ಬಯಲಿನಲ್ಲಿ ಹಾಲ್ಕಂ ಎಂಬ ಪುಟ್ಟ ಊರು. ಕಪೋಟಿಯವರು ಕೊಡುವ ಲೆಕ್ಕದಂತೆ ಜನಸಂಖ್ಯೆ 270. ಅಲ್ಲಿನ ಅನುಕೂಲಸ್ಥ ರೈತ ಹರ್ಬರ್ಟ್ ಕ್ಲಟರ್, ವಯಸ್ಸು 48. ಪತ್ನಿ ಬಾನಿ, 16 ವರ್ಷದ ಮಗಳು ನ್ಯಾನ್ಸಿ, 15 ವರ್ಷದ ಮಗ ಕೆನ್ಯನ್. ಹಿರಿಯ ಹೆಣ್ಣುಮಕ್ಕಳಿಬ್ಬರು ಬೇರೆಡೆ ಇದ್ದರು. 1959ರ ನವೆಂಬರ್ 15ರ ಭಾನುವಾರ, ಬೆಳಕು ಹರಿಯುವ ಮೊದಲೇ ಮನೆಯಲ್ಲಿದ್ದ ನಾಲ್ವರನ್ನೂ ಕೈಕಾಲು ಕಟ್ಟಿ ಕೊಲ್ಲಲಾಯಿತು. ಕೊಂದವರು ರಿಚರ್ಡ್ ಹಿಕಾಕ್, ಪೆರಿ ಸ್ಮಿತ್ ಎಂಬಿಬ್ಬರು, ಜೈಲಿನಿಂದ ಹೊರಬಿದ್ದವರು. ಹಿಂದೆ ಕ್ಲಟರರ ಹೊಲದಲ್ಲಿ ದುಡಿದಿದ್ದ ಕೈದಿಯೊಬ್ಬ ಜೈಲಿನಲ್ಲಿ ಹಿಕಾಕನ ಜೊತೆಯಲ್ಲಿದ್ದು, ಆ ಮನೆಯಲ್ಲಿ ಹಣದ ತಿಜೋರಿ ಇದೆಯೆಂದು ಮಾತಿಗೆ ಹೇಳಿದ್ದ. ಅದನ್ನು ನಂಬಿ ಇವರು 400 ಮೈಲಿ ಕಾರು ಓಡಿಸಿಕೊಂಡು ಬಂದರು. ತಿಜೋರಿ ಇರಲೇ ಇಲ್ಲ. ಕ್ಲಟರ್ ಎಲ್ಲ ವ್ಯವಹಾರವನ್ನೂ ಚೆಕ್ಕಿನಲ್ಲಿ ನಡೆಸುವ ಮನುಷ್ಯ. ಸಿಕ್ಕಿದ್ದು ನಲವತ್ತು ಐವತ್ತು ಡಾಲರು, ಒಂದು ರೇಡಿಯೋ, ಒಂದು ದುರ್ಬೀನು.

ತಿಜೋರಿಯ ಮಾತು ಹೇಳಿದ್ದ ಕೈದಿಯೇ ಮುಂದೆ ಬಾಯಿ ಬಿಟ್ಟ. ಡಿಸೆಂಬರ್ 30ರಂದು ಲಾಸ್ ವೇಗಸ್ ನಗರದಲ್ಲಿ ಇಬ್ಬರೂ ಸಿಕ್ಕಿಬಿದ್ದರು. 1960ರ ಮಾರ್ಚಿಯಲ್ಲಿ ವಿಚಾರಣೆ. ಜ್ಯೂರಿಯವರು ಸುಮಾರು ನಲವತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು. ಮೇಲ್ಮನವಿಗಳಲ್ಲಿ ಐದು ವರ್ಷ ಕಳೆದು, 1965ರ ಏಪ್ರಿಲ್ 14ರಂದು ಇಬ್ಬರನ್ನೂ ಗಲ್ಲಿಗೇರಿಸಲಾಯಿತು.

ಕೊಲೆಯ ಮರುದಿನದ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದ ಒಂದು ಸಣ್ಣ ಸುದ್ದಿಯನ್ನು ನೋಡಿ ಕಪೋಟಿ ಅಲ್ಲಿಗೆ ಹೊರಟರು. ಜೊತೆಗೆ ಬಾಲ್ಯದ ಗೆಳತಿ ಹಾರ್ಪರ್ ಲೀ. ಆಕೆಯ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಆಗಿನ್ನೂ ಪ್ರಕಟವಾಗಿರಲಿಲ್ಲ, ಬಂದದ್ದು 1960ರಲ್ಲಿ. ಪಟ್ಟಣದ ಠೀವಿಯ ಕಪೋಟಿಯನ್ನು ಕಂಡು ಹಿಂಜರಿದ ಹಳ್ಳಿಗರು ಲೀ ಅವರ ಸರಳತೆಯನ್ನು ನೋಡಿ ಬಾಗಿಲು ತೆರೆದರೆಂದು ಪ್ರತೀತಿ. ಮುಂದಿನ ವರ್ಷಗಳಲ್ಲಿ ಕಪೋಟಿ ಕೈದಿಗಳಿಬ್ಬರನ್ನೂ ಮತ್ತೆ ಮತ್ತೆ ಕಂಡರು, ಪತ್ರ ವ್ಯವಹಾರ ನಡೆಸಿದರು, ಗಲ್ಲಿನ ದಿನ ಅಲ್ಲಿಯೇ ಇದ್ದರು.

ಇನ್ನು ಗ್ರಂಥದ ಗುಣ. ಕೊಲೆಗಾರರು ಯಾರೆಂಬುದನ್ನು ಲೇಖಕರು ಮುಚ್ಚಿಡುವುದಿಲ್ಲ. ಮೊದಲ ಭಾಗದಲ್ಲಿಯೇ ಒಂದು ಕಡೆ ಕ್ಲಟರ್ ಕುಟುಂಬದ ಕೊನೆಯ ಶನಿವಾರ, ಇನ್ನೊಂದು ಕಡೆ ಅವರತ್ತ ಬರುತ್ತಿರುವ ಕಾರು, ಇವೆರಡನ್ನೂ ಸರದಿಯಂತೆ ತೋರಿಸುತ್ತಾರೆ. ನ್ಯಾನ್ಸಿ ನೆರೆಯ ಹುಡುಗಿಗೆ ಚೆರ್ರಿ ಹಣ್ಣಿನ ಪೈ ಮಾಡುವುದನ್ನು ಕಲಿಸುತ್ತಾಳೆ. ಕೆನ್ಯನ್ ಅಕ್ಕನ ಮದುವೆಗೆಂದು ಮರದ ಪೆಟ್ಟಿಗೆಯೊಂದನ್ನು ಮಾಡಿ ಬಣ್ಣ ಬಳಿಯುತ್ತಾನೆ. ತಂದೆ ಅದೇ ಸಂಜೆ 40,000 ಡಾಲರಿನ ಜೀವವಿಮೆಗೆ ಸಹಿ ಹಾಕುತ್ತಾರೆ. ರಾತ್ರಿ ಮಲಗುವ ಮುನ್ನ ನ್ಯಾನ್ಸಿ ಮರುದಿನದ ಚರ್ಚಿಗೆಂದು ಉಡುಪು ತೆಗೆದಿಡುತ್ತಾಳೆ. ಅವಳನ್ನು ಮಣ್ಣು ಮಾಡಿದ್ದು ಅದೇ ಉಡುಪಿನಲ್ಲಿ. ಕಾರು ಮನೆಯ ಮುಂದೆ ಬಂದು ನಿಲ್ಲುತ್ತದೆ. ಆ ಮೇಲೆ ಪುಟ ತಿರುವಿದರೆ ಬೆಳಗಾಗಿದೆ. ನಡುವಿನ ರಾತ್ರಿಯಲ್ಲಿ ಏನಾಯಿತೆಂಬುದು ಮೂರನೆಯ ಭಾಗದವರೆಗೆ ತಿಳಿಯುವುದಿಲ್ಲ. ತಿಳಿಯುವುದೂ ಪೆರಿಯ ಬಾಯಿಂದ.

ಓದುಗನನ್ನು ಹಿಡಿದು ಕೂರಿಸುವ ವಿದ್ಯೆ ಇದಕ್ಕಿಂತ ಹೆಚ್ಚಿನದು ಇರಲಾರದು. ಆದರೆ ಈ ಏರ್ಪಾಡಿನ ಪರಿಣಾಮವೇನಾಯಿತೆಂಬುದನ್ನು ಗಮನಿಸಬೇಕು. ಕ್ಲಟರ್ ಕುಟುಂಬ ಪುಸ್ತಕದಲ್ಲಿ ಬಾಳುವುದು ಮೊದಲನೆಯ ಭಾಗದಲ್ಲಿ ಮಾತ್ರ. ಉಳಿದ ಮೂರು ಭಾಗಗಳಲ್ಲಿ ನಮ್ಮ ಜೊತೆಗಿರುವವರು ತನಿಖೆಯ ಅಧಿಕಾರಿ ಆಲ್ವಿನ್ ಡ್ಯೂಯಿ ಹಾಗೂ ಕೊಂದವರಿಬ್ಬರು. ಅದರಲ್ಲಿಯೂ ಪೆರಿ. ಅವನ ತಾಯಿ ಕುಡಿತದಿಂದ ಹಾಳಾದದ್ದು, ಅನಾಥಾಲಯದಲ್ಲಿ ಹಾಸಿಗೆ ಒದ್ದೆ ಮಾಡಿದ್ದಕ್ಕೆ ಹೊಡೆತ ತಿಂದದ್ದು, ಒಡಹುಟ್ಟಿದವರಲ್ಲಿ ಇಬ್ಬರು ಅಕಾಲದಲ್ಲಿ ಸತ್ತದ್ದು, ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲುಗಳು ಊನವಾದದ್ದು, ಗಿಟಾರು, ಕನಸುಗಳು, ಪತ್ರಗಳು, ಎಲ್ಲವೂ ನಮಗೆ ಗೊತ್ತಾಗುತ್ತವೆ. ಕೊಲ್ಲುವ ಮುಂಚೆ ಕೆನ್ಯನ್‌ನ ತಲೆಯ ಕೆಳಗೆ ಅವನು ದಿಂಬು ಇಟ್ಟಿದ್ದನೆಂದು ಓದಿದಾಗ ಏನೆಂದುಕೊಳ್ಳಬೇಕೋ ತೋಚುವುದಿಲ್ಲ. ನ್ಯಾನ್ಸಿಯ ಮೇಲೆ ಹಿಕಾಕ್ ಕೈಮಾಡದಂತೆ ತಡೆದವನೂ ಪೆರಿಯೇ. ಕ್ಲಟರ್ ಬಹಳ ಒಳ್ಳೆಯ ಮನುಷ್ಯನೆಂದು, ಕೊರಳಿಗೆ ಚಾಕು ಹಾಕುವ ಗಳಿಗೆಯವರೆಗೂ ತನಗೆ ಅನ್ನಿಸಿತ್ತೆಂಬ ಅರ್ಥದ ಮಾತನ್ನು ಹೇಳುವವನೂ ಅವನೇ. ಇಂಥವನನ್ನು ರಾಕ್ಷಸನೆಂದು ಕರೆದು ಕೈತೊಳೆದುಕೊಳ್ಳುವುದು ಸಾಧ್ಯವಿಲ್ಲ.

ನಮ್ಮ ಸದಸ್ಯರು ಹೇಳಿದ್ದನ್ನು ಈಗ ನೋಡೋಣ. ನಿವೃತ್ತ ಹಿರಿಯರೊಬ್ಬರಿಗೆ ಮೊದಲ ಭಾಗ ನಿಧಾನವೆನಿಸಿತು. ಪೈ ಮಾಡಿದ್ದು, ಪೆಟ್ಟಿಗೆಗೆ ಬಣ್ಣ ಬಳಿದದ್ದು ಏಕೆ, ತನಿಖೆ ಶುರುವಾದ ಮೇಲೆ ಪುಸ್ತಕ ಕೆಳಗಿಡಲಾಗಲಿಲ್ಲ ಎಂದರು. ಕಾಲೇಜಿನಲ್ಲಿ ಓದುವ ಯುವಕನೊಬ್ಬ ಪೆರಿಗಾಗಿ ಮನಸ್ಸು ಕರಗಿತೆಂದೂ, ಗಲ್ಲಿನ ಪುಟಗಳನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲವೆಂದೂ ಹೇಳಿದ. ಕ್ಲಟರರ ಮಕ್ಕಳ ಹೆಸರು ಕೇಳಿದರೆ ಹುಡುಗಿಯದು ನ್ಯಾನ್ಸಿ ಎಂದ. ಹುಡುಗನದು ಅವನಿಗೆ ಜ್ಞಾಪಕವಿರಲಿಲ್ಲ. ಇದನ್ನು ನಾವು ದೂಷಣೆಗಾಗಿ ಹೇಳುತ್ತಿಲ್ಲ. ಅವನು ಮನಸ್ಸಿಟ್ಟು ಓದಿದ್ದ. ಪುಸ್ತಕ ಅವನನ್ನು ಎಲ್ಲಿಗೆ ಒಯ್ಯಿತೋ ಅಲ್ಲಿಗೆ ಹೋಗಿದ್ದ, ಅಷ್ಟೆ.

ಮೂರನೆಯವರು ಗೃಹಿಣಿ. ಆಕೆ ಕೇಳಿದ ಪ್ರಶ್ನೆ ನಮ್ಮ ತಲೆಯಲ್ಲಿ ಉಳಿಯಿತು. ಬಾನಿ ಕ್ಲಟರ್ ಮನೋವ್ಯಾಧಿಯಿಂದ ಹಾಸಿಗೆ ಹಿಡಿದು, ಮನೆಯ ಆಗುಹೋಗುಗಳಿಂದ ದೂರವೇ ಉಳಿದ ಹೆಂಗಸೆಂದು ಪುಸ್ತಕ ಚಿತ್ರಿಸುತ್ತದೆ. ‘ಆಕೆಯ ಮನಸ್ಸಿನಲ್ಲಿ ಹೀಗಿತ್ತು ಎಂದು ಬರೆಯುತ್ತಾರಲ್ಲ, ಯಾರನ್ನು ಕೇಳಿ ಬರೆದರು? ಆಕೆಯಂತೂ ಹೇಳಲಿಲ್ಲವಷ್ಟೆ’ ಎಂದರು. ಬದುಕುಳಿದ ಹೆಣ್ಣುಮಕ್ಕಳು ತಮ್ಮ ತಾಯಿಯ ಈ ಚಿತ್ರವನ್ನು ಒಪ್ಪಲಿಲ್ಲವೆಂಬುದು ಆಕೆಗೆ ಗೊತ್ತಿರಲಿಲ್ಲ. ಆದರೂ ಆಕೆಯ ಬೆರಳು ಸರಿಯಾದ ಜಾಗದಲ್ಲಿಯೇ ನಿಂತಿತ್ತು.

ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಕಡತದಲ್ಲಿ ಒಂದು ಮಾತು ಬರೆದರೆ ಅದಕ್ಕೆ ಆಧಾರವಾದ ಕಾಗದದ ಪುಟಸಂಖ್ಯೆಯನ್ನು ಅಂಚಿನಲ್ಲಿ ನಮೂದಿಸಬೇಕು. ಇಲ್ಲವಾದರೆ ಮೇಲಧಿಕಾರಿ ಕೆಂಪು ಗೆರೆ ಎಳೆದು ಹಿಂದಕ್ಕೆ ಕಳಿಸುತ್ತಾರೆ. ಇನ್ನೊಂದು ಸಂಗತಿಯೂ ಕಡತದಿಂದ ತಿಳಿಯುತ್ತದೆ. ಯಾರು ಮೇಲಿಂದ ಮೇಲೆ ಅರ್ಜಿ ಹಾಕುತ್ತಾರೋ ಅವರ ಕಡತ ದಪ್ಪವಾಗುತ್ತದೆ. ಅವರ ಕಷ್ಟ, ಅವರ ಮನೆಯ ಸ್ಥಿತಿ, ಅವರ ಬರವಣಿಗೆಯ ಓರೆಕೋರೆ ಸಮೇತ ನಮಗೆ ಪರಿಚಯವಾಗುತ್ತದೆ. ಅರ್ಜಿ ಹಾಕಲಾಗದವನ ಹೆಸರು ಪಟ್ಟಿಯಲ್ಲಿ ಒಂದು ಸಾಲು ಮಾತ್ರ. ಕಡತ ಸುಳ್ಳು ಹೇಳುತ್ತಿಲ್ಲ. ಆದರೆ ಅದರ ದಪ್ಪವನ್ನು ನೋಡಿ ನ್ಯಾಯ ತೂಗಿದರೆ ಕೆಟ್ಟೆವು.

ಪೆರಿ ಐದು ವರ್ಷ ಬದುಕಿದ್ದ, ಮಾತನಾಡಿದ, ಪತ್ರ ಬರೆದ. ಕ್ಲಟರ್ ಕುಟುಂಬದ ನಾಲ್ವರಿಗೆ ಆ ಅವಕಾಶವಿರಲಿಲ್ಲ. ಅದನ್ನು ಕಿತ್ತುಕೊಂಡವನೇ ಪೆರಿ. ಹಾಗಾಗಿ ಕೊಂದವನ ಕಡತ ದಪ್ಪವಾಯಿತು, ಕೊಲೆಯಾದವರದು ತೆಳ್ಳಗಾಯಿತು. ಈ ಗ್ರಂಥದ ಓದುಗರಲ್ಲಿ ಹುಟ್ಟುವ ಕನಿಕರದ ಬಹುಭಾಗ ಈ ದಪ್ಪದಿಂದ ಬಂದದ್ದೇ ಹೊರತು ತೂಕದಿಂದ ಬಂದದ್ದಲ್ಲವೆಂದು ನಮ್ಮ ಅಭಿಪ್ರಾಯ.

ಇದು ಗ್ರಂಥದ ಒಂದು ಮಿತಿಯೆಂದು ಹೇಳಿ ಬಿಡಬಹುದಿತ್ತು. ಆದರೆ ಕಪೋಟಿ ತಮ್ಮ ಕೃತಿ ಪ್ರತಿಯೊಂದು ಮಾತಿನಲ್ಲಿಯೂ ಸತ್ಯವೆಂದು ಸಾರಿದರು. ಸಂದರ್ಶನದ ಸಮಯದಲ್ಲಿ ತಾವು ಬರೆದುಕೊಳ್ಳುತ್ತಿರಲಿಲ್ಲ, ಧ್ವನಿಮುದ್ರಣವನ್ನೂ ಮಾಡುತ್ತಿರಲಿಲ್ಲ, ಜ್ಞಾಪಕಶಕ್ತಿಯನ್ನು ಪಳಗಿಸಿಕೊಂಡಿದ್ದು ಆ ಮೇಲೆ ಬರೆದಿಡುತ್ತಿದ್ದೆ ಎಂದರು. ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನಮಗೆ ಪ್ರಯೋಗಶಾಲೆಯಲ್ಲಿ ಕಲಿಸಿದ ಮೊದಲ ಪಾಠ, ಅಳತೆಯನ್ನು ಕಂಡ ಕೂಡಲೇ ಬರೆದುಕೊಳ್ಳಬೇಕೆಂಬುದು. ನೆನಪಿನಿಂದ ಆ ಮೇಲೆ ಬರೆದರೆ ಅಂಕಿ ಬೇಕಾದ ಕಡೆಗೆ ವಾಲುತ್ತದೆ. ವಾಲಿಸುವವನಿಗೂ ಅದು ತಿಳಿಯುವುದಿಲ್ಲ.

ವಾಲಿದ್ದು ನಿಜವೆಂದು ಬೇಗನೆ ಬೆಳಕಿಗೆ ಬಂತು. 1966ರಲ್ಲಿಯೇ ಫಿಲಿಪ್ ಟಾಂಪ್ಕಿನ್ಸ್ ಎಂಬವರು ಕ್ಯಾನ್ಸಸ್‌ಗೆ ಹೋಗಿ ವಿಚಾರಿಸಿ ‘ಎಸ್ಕ್ವೈರ್’ ಪತ್ರಿಕೆಯಲ್ಲಿ ಬರೆದರು. ನ್ಯಾನ್ಸಿಯ ಪ್ರೀತಿಯ ಕುದುರೆ ‘ಬೇಬ್’ ಅಗ್ಗದ ಬೆಲೆಗೆ, ಉಳುಮೆಗೆಂದು ಕೊಳ್ಳುವ ಹೊರಗಿನ ರೈತನ ಪಾಲಾಯಿತೆಂದು ಪುಸ್ತಕದಲ್ಲಿದೆ. ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಅದನ್ನು ಕೊಂಡವರು ಸ್ಥಳೀಯರು, ಬೆಲೆಯೂ ಹೆಚ್ಚಿನದೇ ಎಂದು ಟಾಂಪ್ಕಿನ್ಸ್ ಕಂಡುಕೊಂಡರು. ಗಲ್ಲಿನ ಕೆಳಗೆ ಪೆರಿ ಕ್ಷಮೆ ಕೇಳಿದನೆಂಬ ಮಾತನ್ನೂ ಅವರು ಪ್ರಶ್ನಿಸಿದರು. ಕುದುರೆಯ ಬೆಲೆ ಸಣ್ಣ ವಿಷಯ. ಕ್ಷಮೆಯ ಮಾತು ಸಣ್ಣದಲ್ಲ. ಪೆರಿಯ ಬಗ್ಗೆ ಓದುಗನ ಕೊನೆಯ ಭಾವನೆ ಅದರ ಮೇಲೆಯೇ ನಿಂತಿದೆ.

ಇನ್ನು ಪುಸ್ತಕದ ಮುಕ್ತಾಯ. ವರ್ಷಗಳು ಕಳೆದ ಮೇಲೆ ಡ್ಯೂಯಿ ಸ್ಮಶಾನಕ್ಕೆ ಹೋಗುತ್ತಾರೆ. ಅಲ್ಲಿ ನ್ಯಾನ್ಸಿಯ ಗೆಳತಿ ಎದುರಾಗುತ್ತಾಳೆ. ಈಗ ಆಕೆ ಬೆಳೆದ ಹುಡುಗಿ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ನಾಲ್ಕು ಮಾತನಾಡಿ ಬೀಳ್ಕೊಳ್ಳುತ್ತಾರೆ. ಬಯಲಿನಲ್ಲಿ ಗಾಳಿ ಬೀಸುತ್ತದೆ. ನಮ್ಮಲ್ಲಿ ಓದಿದ ಬಹುಮಂದಿಗೆ ಅತ್ಯಂತ ಹಿಡಿಸಿದ್ದು ಈ ಪುಟಗಳೇ. ಈ ಭೇಟಿ ನಡೆದೇ ಇರಲಿಲ್ಲ. ಗಲ್ಲಿನೊಂದಿಗೆ ಪುಸ್ತಕ ಮುಗಿಸುವುದು ಕಠೋರವಾದೀತೆಂದು ಲೇಖಕರು ಇದನ್ನು ಕಲ್ಪಿಸಿ ಸೇರಿಸಿದ್ದರೆಂಬುದು 1988ರಲ್ಲಿ ಬಂದ, ಜೆರಾಲ್ಡ್ ಕ್ಲಾರ್ಕ್ ಬರೆದ ಕಪೋಟಿಯವರ ಜೀವನಚರಿತ್ರೆಯಿಂದ ಖಚಿತವಾಯಿತು.

2013ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಜೈಲಿನ ಕೈದಿ ಕೊಟ್ಟ ಸುಳಿವು ಬಂದ ಕೂಡಲೇ ಡ್ಯೂಯಿ ಅಧಿಕಾರಿಯೊಬ್ಬನನ್ನು ಹಿಕಾಕನ ತಂದೆತಾಯಿಯ ಮನೆಗೆ ಕಳಿಸಿದರೆಂದು ಪುಸ್ತಕ ಹೇಳುತ್ತದೆ. ತನಿಖಾ ಇಲಾಖೆಯ ಹಳೆಯ ಕಾಗದಗಳ ಪ್ರಕಾರ ಹೀಗೆ ಹೋದದ್ದು ಐದು ದಿನದ ಬಳಿಕ. ಡ್ಯೂಯಿ ಕಪೋಟಿಯವರಿಗೆ ಬಹಳ ನೆರವಾದವರು, ಆ ಮೇಲೆ ಸ್ನೇಹಿತರೂ ಆದವರು. ಕಥೆಗೆ ಧೀರನಾದ ತನಿಖೆಗಾರ ಬೇಕಿತ್ತು. ಇಲ್ಲಿಯೂ ಯಾರ ಕಡತ ಹತ್ತಿರವಿತ್ತೋ ಅವರಿಗೆ ಅನುಕೂಲವಾಯಿತು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪಣೆ ಇಂಗ್ಲೆಂಡಿನ ವಿಮರ್ಶಕ ಕೆನ್ನೆತ್ ಟೈನಾನ್ ಅವರದು. ಕೈದಿಗಳ ಪ್ರಾಣ ಉಳಿಸಲು ಲೇಖಕರು ಮಾಡಬಹುದಾದುದನ್ನು ಮಾಡಲಿಲ್ಲ. ಅವರು ಸತ್ತರೆ ಪುಸ್ತಕಕ್ಕೆ ಮುಕ್ತಾಯ ಸಿಗುತ್ತಿತ್ತು ಎಂಬುದು 1966ರಲ್ಲಿ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಅವರು ಬರೆದುದರ ತಾತ್ಪರ್ಯ. ಕಪೋಟಿ ಕೆರಳಿ ಉತ್ತರ ಕೊಟ್ಟರು. 2005ರಲ್ಲಿ ಬಂದ ‘ಕಪೋಟಿ’ ಚಲನಚಿತ್ರದ ಒಡಲೂ ಈ ತೊಳಲಾಟವೇ. ಅದರಲ್ಲಿ ನಟಿಸಿದ ಫಿಲಿಪ್ ಸೀಮರ್ ಹಾಫ್‌ಮನ್ನರಿಗೆ ಆಸ್ಕರ್ ಬಂತು. ಟೈನಾನ್ ಅವರ ಆರೋಪವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ನ್ಯಾಯಾಲಯಗಳು ಕೊಟ್ಟ ಶಿಕ್ಷೆಯನ್ನು ಒಬ್ಬ ಲೇಖಕ ತಪ್ಪಿಸಬಲ್ಲವನಾಗಿದ್ದನೆಂದು ಹೇಳುವುದು ಕಷ್ಟ. ಆದರೆ ಪುಸ್ತಕ ಮುಗಿಯಬೇಕಾದರೆ ಮೇಲ್ಮನವಿಗಳು ಮುಗಿಯಬೇಕಿತ್ತೆಂಬುದು ಸತ್ಯ. ಆ ಕಾಯುವಿಕೆ ಅವರನ್ನೂ ಸುಟ್ಟಿತು. 1984ರಲ್ಲಿ ತೀರಿಕೊಳ್ಳುವವರೆಗೆ ಮತ್ತೊಂದು ಕಾದಂಬರಿಯನ್ನು ಅವರು ಮುಗಿಸಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಪುಸ್ತಕವನ್ನು ಬದಿಗಿಡಿ ಎನ್ನುತ್ತೇವೆಯೆ? ಖಂಡಿತ ಇಲ್ಲ. ಕಪೋಟಿ ಹೋಗದಿದ್ದರೆ ಕ್ಲಟರ್ ಕುಟುಂಬ ಆ ಸಣ್ಣ ಸುದ್ದಿಯೊಳಗೇ ಉಳಿಯುತ್ತಿತ್ತು. ಚೆರ್ರಿ ಪೈ, ಮರದ ಪೆಟ್ಟಿಗೆ, ತೆಗೆದಿಟ್ಟ ಉಡುಪು, ಇವನ್ನು ನಮಗೆ ಕೊಟ್ಟವರೂ ಅವರೇ. ಹಿರಿಯರಿಗೆ ನಿಧಾನವೆನಿಸಿದ ಪುಟಗಳೇ ಸತ್ತವರ ಪಾಲಿಗೆ ಉಳಿದಿರುವ ಪುಟಗಳು. ಅವನ್ನು ಹಾರಿಸಿ ಓದುವವನು ನಾಲ್ವರನ್ನು ಮತ್ತೊಮ್ಮೆ ಹಾರಿಸಿದಂತೆಯೇ ಸರಿ. ಕೊಂದವನೂ ಮನುಷ್ಯನೆಂದು ತೋರಿಸಿದ್ದು ತಪ್ಪಲ್ಲ. ಅರ್ಥ ಮಾಡಿಕೊಳ್ಳುವುದು ಬೇರೆ, ಮನ್ನಿಸುವುದು ಬೇರೆ. ಈ ಎರಡನ್ನೂ ಒಂದೇ ಮಾಡಿಕೊಳ್ಳುವುದು ಓದುಗನ ಅಜಾಗರೂಕತೆಯೇ ಹೊರತು ಪೆರಿಯ ಬಾಲ್ಯವನ್ನು ಬರೆದವರ ಅಪರಾಧವಲ್ಲ. ಅಂದಿನ ಕ್ಯಾನ್ಸಸ್ ಕಾನೂನು ಆರೋಪಿಗೆ ಸರಿತಪ್ಪುಗಳ ತಿಳುವಳಿಕೆ ಇತ್ತೆ ಎಂಬುದನ್ನು ಬಿಟ್ಟು ಬೇರೇನನ್ನೂ ಕೇಳುತ್ತಿರಲಿಲ್ಲ. ಮನೋವೈದ್ಯರು ಹೆಚ್ಚಿಗೆ ಹೇಳಲು ನ್ಯಾಯಾಲಯದಲ್ಲಿ ಅವಕಾಶ ಸಿಗಲಿಲ್ಲ. ಅಲ್ಲಿ ಹೇಳಲಾಗದ್ದು ಈ ಪುಸ್ತಕದಲ್ಲಿ ದಾಖಲಾಯಿತು. ಅದು ದೊಡ್ಡ ಕೆಲಸ.

ಊರಿನವರ ಭಯವನ್ನು ಚಿತ್ರಿಸಿದ ಪುಟಗಳನ್ನೂ ಇಲ್ಲಿ ಹೆಸರಿಸಬೇಕು. ಬಾಗಿಲಿಗೆ ಬೀಗ ಹಾಕುವ ವಾಡಿಕೆಯೇ ಇರದಿದ್ದ ಹಾಲ್ಕಂನಲ್ಲಿ ಕೊಲೆಯ ಮರುದಿನದಿಂದ ಬೀಗಗಳ ಮಾರಾಟ ಏರಿತು, ಮನೆಗಳಲ್ಲಿ ರಾತ್ರಿಯಿಡೀ ದೀಪ ಉರಿಯಿತು. ಅವರು ಹೆದರಿದ್ದು ಹೊರಗಿನವರಿಗಲ್ಲ, ಒಬ್ಬರಿಗೊಬ್ಬರು. ಕೊಂದವರು ಪರಸ್ಥಳದವರೆಂದು ತಿಳಿದ ಮೇಲೂ ಕೆಲವರಿಗೆ ನೆಮ್ಮದಿ ಮರಳಲಿಲ್ಲ. ಹಗಲೆಲ್ಲ ಬಾಗಿಲು ತೆರೆದಿರುತ್ತಿದ್ದ ಊರುಗಳಿಂದ ಬಂದು, ಎರಡು ಚಿಲಕ, ಒಂದು ಸರಪಳಿ, ಇಣುಕುಗಾಜುಗಳಿರುವ ಬಾಗಿಲ ಹಿಂದೆ ಬಾಳುತ್ತಿರುವ ನಮ್ಮಂಥವರಿಗೆ ಈ ಪುಟಗಳನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯವರ ಭಾಷೆ ತಿಳಿಯದಿದ್ದಾಗ ಅನುಮಾನ ಎಷ್ಟು ಬೇಗ ಮೊಳೆಯುತ್ತದೆಂಬುದನ್ನು ವಲಸೆ ಬಂದವರು ಎರಡೂ ಕಡೆಯಿಂದ ಬಲ್ಲರು. ಅನುಮಾನಿಸಿದವರಾಗಿಯೂ, ಅನುಮಾನಕ್ಕೆ ಗುರಿಯಾದವರಾಗಿಯೂ.

ಹಾಗಾದರೆ ಹೇಗೆ ಓದಬೇಕು? ‘ನಡೆದ ಕಥೆ’ ಎಂಬ ಹಣೆಪಟ್ಟಿ ಹೊತ್ತ ಯಾವುದೇ ಬರಹವನ್ನು ಕೈಗೆತ್ತಿಕೊಂಡಾಗ ಮೂರು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಈ ಮಾತನ್ನು ಲೇಖಕರಿಗೆ ಹೇಳಿದವರು ಯಾರು? ಯಾರ ಮಾತನ್ನು ಕೇಳಲು ಸಾಧ್ಯವೇ ಇರಲಿಲ್ಲ? ಕಣ್ಣಲ್ಲಿ ನೀರು ತರಿಸಿದ ಈ ದೃಶ್ಯ ನಡೆಯದೇ ಇದ್ದರೂ ಕಥೆಗೆ ಅನುಕೂಲವಾಗುತ್ತಿತ್ತೆ? ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಅಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿಡಿ. ಸ್ಮಶಾನದ ದೃಶ್ಯಕ್ಕೆ ಇಂಥ ಗುರುತು ಹಾಕಿದ್ದರೆ ಓದುಗನ ಆನಂದಕ್ಕೆ ಕೊರತೆಯಾಗುತ್ತಿರಲಿಲ್ಲ, ವಿವೇಕಕ್ಕೆ ಲಾಭವಾಗುತ್ತಿತ್ತು.

ಅಮೆರಿಕದ ಹಳೆಯ ಪುಸ್ತಕವೊಂದರ ಬಗ್ಗೆ ಇಷ್ಟು ಪುಟ ಏಕೆಂದು ಕೆಲವರು ಕೇಳಬಹುದು. ಇಂದು ಕೊಲೆಯೊಂದು ನಡೆದರೆ ಮೂರನೆಯ ದಿನಕ್ಕೆ ಅದು ಕಥೆಯಾಗಿ, ಹಿನ್ನೆಲೆ ಸಂಗೀತ ಸಮೇತ ನಮ್ಮ ನಡುಮನೆಗೆ ಬರುತ್ತದೆ. ಕಪೋಟಿ ಆರು ವರ್ಷ ಪಟ್ಟ ಪಾಡಿನಲ್ಲಿ ಕಾಲುಭಾಗವೂ ಅದರ ಹಿಂದೆ ಇರುವುದಿಲ್ಲ. ಕೊಂದವನ ಮುಖ ದಿನವಿಡೀ ತೆರೆಯ ಮೇಲಿರುತ್ತದೆ. ಸತ್ತ ಹುಡುಗಿಯ ಹೆಸರು ವಾರದೊಳಗೆ ಮರೆತುಹೋಗುತ್ತದೆ, ಅಥವಾ ಅವಳ ನಡತೆಯ ಬಗ್ಗೆ ಚರ್ಚೆ ನಡೆಯುತ್ತದೆ. ಅವಳು ಎದ್ದು ಬಂದು ಉತ್ತರ ಕೊಡುವಂತಿಲ್ಲ. ಅಷ್ಟೊಂದು ಶ್ರಮಪಟ್ಟ ಪ್ರತಿಭಾವಂತನ ತಕ್ಕಡಿಯೇ ವಾಲಿತೆಂದರೆ ಈ ಅವಸರದ ಅಂಗಡಿಗಳ ತಕ್ಕಡಿಯನ್ನು ನಾವು ಎಷ್ಟು ನಂಬಬೇಕು?

ಗಂಡಸರು ಹೆಂಗಸರೆನ್ನದೆ, ಇಂಗ್ಲಿಷ್ ಓದಬಲ್ಲ ಸದಸ್ಯರೆಲ್ಲ ಈ ಗ್ರಂಥವನ್ನು ಓದಬೇಕೆಂದು ನಮ್ಮ ವಿನಂತಿ. ಎಳೆಯ ಮಕ್ಕಳ ಕೈಗೆ ಮಾತ್ರ ಬೇಡ. ಪೆರಿಗಾಗಿ ಮನಸ್ಸು ಕರಗಿದರೆ ನಾಚಬೇಕಾಗಿಲ್ಲ. ಆದರೆ ಪುಸ್ತಕ ಮುಚ್ಚುವ ಮುನ್ನ ಮೊದಲ ಭಾಗಕ್ಕೆ ಒಮ್ಮೆ ಹಿಂದಿರುಗಿ, ಹರ್ಬರ್ಟ್, ಬಾನಿ, ನ್ಯಾನ್ಸಿ, ಕೆನ್ಯನ್ ಎಂಬ ನಾಲ್ಕು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಓದುಗರಾದ ನಮ್ಮಿಂದ ಅವರಿಗೆ ಸಲ್ಲಬಹುದಾದದ್ದು ಅಷ್ಟೇ, ಅಷ್ಟನ್ನಾದರೂ ಸಲ್ಲಿಸೋಣ.